ಹಾಡು ಬರೆಯುವವರು ಯಾವ ರಾಯಲ್ಟಿ ಸಂಸ್ಥೆಗೆ ಸೇರಬೇಕು?

ಪ್ರಶ್ನೆ: ನಾನು ಧಾರವಾಡದವನು. ಎಂಟು ವರ್ಷದಿಂದ ಹಾಡು ಬರೆಯುತ್ತಿದ್ದೇನೆ. ಮೂರು ಸಿನಿಮಾಗಳಿಗೆ ಬರೆದ ಏಳು ಹಾಡುಗಳು ಆಡಿಯೋ ಕಂಪನಿಯ ಕೈಯಲ್ಲಿವೆ. ಹಾಡಿಗಿಷ್ಟು ಅಂತ ಒಂದೇ ಸಲ ದುಡ್ಡು ಕೊಟ್ಟು, ಎಲ್ಲಾ ಹಕ್ಕುಗಳನ್ನು ಶಾಶ್ವತವಾಗಿ ಬಿಟ್ಟುಕೊಟ್ಟಿದ್ದೇನೆ ಎಂದು ಬರೆಸಿಕೊಂಡಿದ್ದಾರೆ. ಇದಲ್ಲದೆ ಗೆಳೆಯರ ಜೊತೆ ಸೇರಿ, ನಮ್ಮದೇ ಖರ್ಚಿನಲ್ಲಿ ಹಲವು ಜಾನಪದ ಶೈಲಿಯ ಹಾಡು ಮಾಡಿ ಯೂಟ್ಯೂಬ್, ಸ್ಪಾಟಿಫೈಗೆ ಹಾಕಿದ್ದೇವೆ. ಕೆಲವನ್ನು ನಾನೇ ಹಾಡಿದ್ದೇನೆ. ರಾಯಲ್ಟಿಗೆ ಎಲ್ಲಿ ಸೇರಬೇಕು ಎಂದರೆ ಒಬ್ಬರು ಐಪಿಆರ್‌ಎಸ್ ಅಂತಾರೆ, ಸ್ಟುಡಿಯೋದವರು ಪಿಪಿಎಲ್ ಅಂತಾರೆ, ಗಾಯಕ ಗೆಳೆಯ ಇಸಾಮ್ರಾ ಅಂತಾನೆ. ಅಮೆರಿಕದಲ್ಲಿರುವ ಅಣ್ಣ ಆಸ್ಕ್ಯಾಪ್ ಸೇರು, ಡಾಲರಿನಲ್ಲಿ ಬರುತ್ತೆ ಅಂತಾನೆ. ಒಬ್ಬ ಏಜೆಂಟ್ ಫೋನ್ ಮಾಡಿ, ಪವರ್ ಆಫ್ ಅಟಾರ್ನಿ ಕೊಟ್ಟರೆ ಎಲ್ಲಾ ಕಡೆಯಿಂದ ವಸೂಲಿ ಮಾಡಿಕೊಡ್ತೀನಿ, ಶೇಕಡಾ 30 ನನಗೆ ಅಂತಿದ್ದಾನೆ. ಸಂಸ್ಥೆಗೆ ಸೇರಿದರೆ ಕಂಪನಿಯವರು ಮುನಿಸಿಕೊಂಡು ಕೆಲಸ ನಿಲ್ಲಿಸುತ್ತಾರೆ ಅನ್ನೋ ಭಯವೂ ಇದೆ. ಏನು ಮಾಡಲಿ?

ಉತ್ತರ: ಮೊದಲು ನೇರ ಮಾತು. ನೀವು ಸಾಹಿತ್ಯ ಬರೆಯುವವರು. ಸಾಹಿತ್ಯದ ರಾಯಲ್ಟಿಗೆ ನೀವು ಸೇರಬೇಕಾದದ್ದು ಐಪಿಆರ್‌ಎಸ್, ಅಂದರೆ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ. ನೀವು ಹಾಡಿಯೂ ಇರುವುದರಿಂದ ಇಸಾಮ್ರಾಕ್ಕೂ ಸೇರಬಹುದು. ಒಂದಕ್ಕೊಂದು ಅಡ್ಡಿಯಿಲ್ಲ. ಪಿಪಿಎಲ್ ಸಾಹಿತಿಗಳಿಗಾಗಿ ಇರುವುದಲ್ಲ. ಆಸ್ಕ್ಯಾಪ್ ಸದ್ಯಕ್ಕೆ ಬೇಡ. ಏಜೆಂಟಿಗೆ ಈಗಲೇ ಸಹಿ ಹಾಕಬೇಡಿ.

ಆದರೆ ಉತ್ತರ ಇಲ್ಲಿಗೆ ಮುಗಿಯುವುದಿಲ್ಲ. ಯಾವ ಸಂಸ್ಥೆ ಅನ್ನುವುದು ನಿಮ್ಮ ತಲೆ ತಿನ್ನುತ್ತಿದೆ. ದುಡ್ಡು ನಿಂತುಹೋಗುವುದು ಮಾತ್ರ ಬೇರೆ ಎರಡು ಕಡೆ: ಅಗ್ರಿಮೆಂಟಿನಲ್ಲಿ ಮತ್ತು ಹಾಡಿನ ನೋಂದಣಿಯಲ್ಲಿ. ಗೀತರಚನೆಕಾರರ, ಸಂಗೀತ ನಿರ್ದೇಶಕರ ಕರಾರುಗಳನ್ನು ನೋಡುವುದೇ ನನ್ನ ಕೆಲಸ. ಸದಸ್ಯರಾಗಿ ವರ್ಷಗಟ್ಟಲೆ ಕಾದರೂ ಒಂದು ರೂಪಾಯಿ ಬಾರದವರು ನನ್ನ ಹತ್ತಿರ ಬರುತ್ತಲೇ ಇರುತ್ತಾರೆ. ಕಾಗದ ತೆಗೆದು ನೋಡಿದರೆ, ಹೆಚ್ಚಿನವರು ಸದಸ್ಯತ್ವ ಮಾಡಿಸಿರುತ್ತಾರೆ, ಹಾಡುಗಳನ್ನು ನೋಂದಾಯಿಸಿರುವುದಿಲ್ಲ.

ಇಷ್ಟೊಂದು ಸಂಸ್ಥೆ ಯಾಕೆ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ. ನಿಮ್ಮ ಒಂದು ಹಾಡು ಹುಬ್ಬಳ್ಳಿಯ ಯಾವುದೋ ರೆಸ್ಟೋರೆಂಟಿನ ಸ್ಪೀಕರಿನಲ್ಲಿ ಕೇಳುತ್ತಿದೆ ಅಂದುಕೊಳ್ಳಿ. ಅಲ್ಲಿ ಒಂದೇ ಹೊತ್ತಿಗೆ ಹಲವರ ಹಕ್ಕು ಬಳಕೆಯಾಗುತ್ತಿದೆ. ಪದ ನಿಮ್ಮದು, ರಾಗ ಸಂಗೀತ ನಿರ್ದೇಶಕರದ್ದು. ಈ ಎರಡಕ್ಕೂ, ಇವುಗಳ ಹಕ್ಕು ಪಡೆದ ಪ್ರಕಾಶಕ ಕಂಪನಿಗೂ ಸೇರಿ ಇರುವುದು ಐಪಿಆರ್‌ಎಸ್. ಧ್ವನಿಮುದ್ರಣ, ಅಂದರೆ ಸ್ಟುಡಿಯೋದಿಂದ ಹೊರಬಂದ ಆ ರೆಕಾರ್ಡಿಂಗ್, ಅದಕ್ಕೆ ದುಡ್ಡು ಹಾಕಿದವರದ್ದು. ಪಿಪಿಎಲ್, ಆರ್‌ಎಂಪಿಎಲ್ ಇರುವುದು ಅವರಿಗೆ. ಇನ್ನು ಹಾಡಿದ ಗಂಟಲು, ನುಡಿಸಿದ ಕೈ. ಅವರಿಗೆ ಪ್ರದರ್ಶಕರ ಹಕ್ಕು ಅಂತ ಪ್ರತ್ಯೇಕವಾಗಿದೆ, ಅದನ್ನು ನೋಡುವುದು ಇಸಾಮ್ರಾ. 2013ರಲ್ಲಿ ಗಾಯಕರ ಸಂಘವಾಗಿ ನೋಂದಣಿಯಾದ ಅದು ಈಗ ವಾದ್ಯಗಾರರನ್ನೂ ಸೇರಿಸಿಕೊಂಡಿದೆ. ಹಾಗಾಗಿ ನಿಮ್ಮ ಗೆಳೆಯರಲ್ಲಿ ಯಾರೂ ಸುಳ್ಳು ಹೇಳಿಲ್ಲ. ಒಬ್ಬೊಬ್ಬರೂ ತಮಗೆ ದುಡ್ಡು ಬರುವ ಕಡೆಯ ಹೆಸರು ಹೇಳಿದ್ದಾರೆ, ಅಷ್ಟೆ.

ಸಾಹಿತ್ಯ, ಸಂಗೀತಕ್ಕೆ ಭಾರತದಲ್ಲಿ ಆಯ್ಕೆ ಅನ್ನುವುದೇ ಇಲ್ಲ. ಒಂದು ಬಗೆಯ ಕೃತಿಗೆ ಸಾಮಾನ್ಯವಾಗಿ ಒಂದೇ ಸಂಘವನ್ನು ನೋಂದಾಯಿಸಬೇಕು ಎಂದು ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ 33ನೇ ಸೆಕ್ಷನ್ ಹೇಳುತ್ತದೆ. ಐಪಿಆರ್‌ಎಸ್ ಶುರುವಾದದ್ದು 1969ರಲ್ಲಿ. 2012ರಲ್ಲಿ ತಿದ್ದುಪಡಿಯಾದ ಕಾನೂನಿನ ಅಡಿಯಲ್ಲಿ ಅದಕ್ಕೆ ಮತ್ತೆ ನೋಂದಣಿ ಸಿಕ್ಕಿದ್ದು 2017ರ ನವೆಂಬರಿನಲ್ಲಿ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಆಸ್ಕ್ಯಾಪ್, ಬಿಎಂಐ, ಸೆಸ್ಯಾಕ್ ಎಂದು ಹಲವು ಇವೆ, ಒಬ್ಬ ಗೀತರಚನೆಕಾರ ಒಂದನ್ನು ಆರಿಸಿಕೊಳ್ಳಬೇಕು. ಇಂಟರ್ನೆಟ್ಟಿನಲ್ಲಿ ಸಿಗುವ ಸಲಹೆಯೆಲ್ಲ ಬಹುಪಾಲು ಅಲ್ಲಿನದು. ಅದನ್ನು ಓದಿ ಇಲ್ಲಿ ಗೊಂದಲ ಮಾಡಿಕೊಳ್ಳುವವರು ಜಾಸ್ತಿ.

ಈಗ ನಿಮ್ಮ ನಿಜವಾದ ಚಿಂತೆಗೆ ಬರೋಣ. "ಎಲ್ಲಾ ಬರೆದುಕೊಟ್ಟುಬಿಟ್ಟಿದ್ದೇನೆ, ನನಗಿನ್ನೇನು ಉಳಿದಿದೆ?" ಇದು ಗಾಂಧಿನಗರದಲ್ಲಿ ನಾನು ಅತಿ ಹೆಚ್ಚು ಕೇಳಿದ ಮಾತು. ಇದಕ್ಕೊಂದು ಹಿನ್ನೆಲೆ ಇದೆ. 1977ರಲ್ಲಿ ಐಪಿಆರ್‌ಎಸ್ ಮತ್ತು ಪೂರ್ವ ಭಾರತದ ಚಿತ್ರ ನಿರ್ಮಾಪಕರ ಸಂಘದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ನಿರ್ಮಾಪಕ ದುಡ್ಡು ಕೊಟ್ಟು ಸಿನಿಮಾಕ್ಕಾಗಿ ಹಾಡು ಬರೆಸಿದರೆ, ಬೇರೆ ಕರಾರು ಇಲ್ಲದ ಪಕ್ಷದಲ್ಲಿ ಹಾಡಿನ ಮೊದಲ ಮಾಲೀಕ ಅವನೇ ಎಂದಿತು. ಅಲ್ಲಿಂದ ಮುಂದೆ ಮೂರು ದಶಕಕ್ಕೂ ಹೆಚ್ಚು ಕಾಲ, ಒಂದೇ ಸಲ ಸಂಭಾವನೆ ಕೊಟ್ಟು ಕೈತೊಳೆದುಕೊಳ್ಳುವುದೇ ಪದ್ಧತಿಯಾಯಿತು. ನಿಮ್ಮ ಅಗ್ರಿಮೆಂಟಿನ ಭಾಷೆ ಆ ಕಾಲದ್ದು. ಟೈಪ್ ಮಾಡಿದ ಹಳೆಯ ನಮೂನೆಯನ್ನೇ ಇವತ್ತಿಗೂ ಹೆಸರು ಬದಲಿಸಿ ಕೊಡುತ್ತಾರೆ.

ಕಾನೂನು ಮಾತ್ರ ಬದಲಾಗಿದೆ. 2012ರ ತಿದ್ದುಪಡಿ ಅದೇ ವರ್ಷ ಜೂನ್ 21ರಂದು ಜಾರಿಗೆ ಬಂತು. ಅದಕ್ಕಾಗಿ ರಾಜ್ಯಸಭೆಯಲ್ಲಿ ಗಟ್ಟಿಯಾಗಿ ದನಿ ಎತ್ತಿದವರು ಜಾವೇದ್ ಅಖ್ತರ್. ಮುಂದೆ ಅವರೇ ಐಪಿಆರ್‌ಎಸ್ ಅಧ್ಯಕ್ಷರೂ ಆದರು. ಈ ತಿದ್ದುಪಡಿಯಂತೆ, ಸಿನಿಮಾದ ಹಾಡಿನ ಸಾಹಿತಿ ಮತ್ತು ಸಂಯೋಜಕ ಕೃತಿಸ್ವಾಮ್ಯವನ್ನು ಕಂಪನಿಗೆ ಬರೆದುಕೊಟ್ಟರೂ, ರಾಯಲ್ಟಿಯಲ್ಲಿ ಸಮಪಾಲು ಪಡೆಯುವ ಹಕ್ಕನ್ನು ಬಿಟ್ಟುಕೊಡಲು ಬರುವುದಿಲ್ಲ. ಬಿಟ್ಟುಕೊಡುವುದಾದರೆ ಇಬ್ಬರಿಗೆ ಮಾತ್ರ: ನಿಮ್ಮ ವಾರಸುದಾರರಿಗೆ, ಇಲ್ಲವೇ ಐಪಿಆರ್‌ಎಸ್‌ನಂಥ ಕೃತಿಸ್ವಾಮ್ಯ ಸಂಘಕ್ಕೆ. ಇದಕ್ಕೆ ವಿರುದ್ಧವಾಗಿ ಬರೆಸಿಕೊಂಡ ಕರಾರು ಆ ಮಟ್ಟಿಗೆ ನಡೆಯುವುದಿಲ್ಲ. ಸಿನಿಮಾಕ್ಕೆ ಸೇರದ ಬಿಡಿ ಹಾಡುಗಳಿಗೂ ಇದೇ ರಕ್ಷಣೆ ಇದೆ. ನೀವು ಬರೆಯಲು ಶುರು ಮಾಡಿದ್ದು ಎಂಟು ವರ್ಷದ ಹಿಂದೆ, ಅಂದರೆ ನಿಮ್ಮ ಎಲ್ಲಾ ಹಾಡು ಈ ತಿದ್ದುಪಡಿಯ ನಂತರದವು. ಇದು ನಿಮ್ಮ ಅದೃಷ್ಟ.

ಒಂದು ವಿನಾಯಿತಿ ಇದೆ. ಥಿಯೇಟರಿನಲ್ಲಿ ಸಿನಿಮಾದ ಜೊತೆ ಹಾಡು ತೋರಿಸಿದ್ದಕ್ಕೆ ಈ ಪಾಲು ಇಲ್ಲ. ಅದೇ ಹಾಡು ರೇಡಿಯೋದಲ್ಲಿ ಬಂದರೆ, ಟಿವಿಯಲ್ಲಿ ಬಂದರೆ, ಆ್ಯಪಿನಲ್ಲಿ ಕೇಳಿದರೆ, ಹೋಟೆಲಿನಲ್ಲಿ ಹಾಕಿದರೆ ಇದೆ. ರೇಡಿಯೋ ಕಂಪನಿಗಳು ಇದನ್ನು ಬಹಳ ಕಾಲ ಒಪ್ಪಲಿಲ್ಲ. ರೆಕಾರ್ಡಿಂಗಿಗೆ ಕೊಟ್ಟ ಮೇಲೆ ಸಾಹಿತ್ಯ, ಸಂಗೀತಕ್ಕೆ ಬೇರೆ ಯಾಕೆ ಅನ್ನುವುದು ಅವರ ವಾದ. 2023ರ ಏಪ್ರಿಲ್‌ನಲ್ಲಿ ಬಾಂಬೆ ಹೈಕೋರ್ಟ್ ಐಪಿಆರ್‌ಎಸ್ ಪರವಾಗಿ ಆದೇಶ ಕೊಟ್ಟು, ಸಾಹಿತಿ ಮತ್ತು ಸಂಯೋಜಕರಿಗೂ ರಾಯಲ್ಟಿ ಸಲ್ಲಬೇಕು ಎಂದಿತು. ಈ ಹಕ್ಕಿಗಾಗಿ ಎಷ್ಟೋ ಜನ ವರ್ಷಗಟ್ಟಲೆ ಕೋರ್ಟು ಅಲೆದಿದ್ದಾರೆ. ಸುಮ್ನೆ ಬಿಟ್ಟುಬಿಡುವಂಥದ್ದಲ್ಲ.

ಹಂಚಿಕೆ ಸಾಮಾನ್ಯವಾಗಿ ಹೀಗಿರುತ್ತದೆ: ಅರ್ಧ ಪ್ರಕಾಶಕರಿಗೆ, ಅಂದರೆ ಹಕ್ಕು ಪಡೆದ ಆಡಿಯೋ ಕಂಪನಿಗೆ. ಉಳಿದ ಅರ್ಧದಲ್ಲಿ ಸಾಹಿತಿಗೆ ಒಟ್ಟು ಮೊತ್ತದ ಶೇಕಡಾ 25, ಸಂಯೋಜಕರಿಗೆ ಶೇಕಡಾ 25. ಇಬ್ಬರು ಸೇರಿ ಸಾಹಿತ್ಯ ಬರೆದಿದ್ದರೆ ಆ 25ರಲ್ಲೇ ಇಬ್ಬರಿಗೂ.

ಇದನ್ನು ಗಮನಿಸಿದರೆ ಕಂಪನಿ ಮುನಿಸಿಕೊಳ್ಳುವ ಭಯಕ್ಕೂ ಅರ್ಧ ಉತ್ತರ ಸಿಗುತ್ತದೆ. ನೀವು ಸೇರಿದರೆ ಕಂಪನಿಯ ಪಾಲಿನಿಂದ ಒಂದು ಪೈಸೆಯೂ ಕಡಿಮೆಯಾಗುವುದಿಲ್ಲ. ಅದರ ಪಾಲು ಅದಕ್ಕೆ, ನಿಮ್ಮದು ನಿಮಗೆ. ದೊಡ್ಡ ಆಡಿಯೋ ಕಂಪನಿಗಳಲ್ಲಿ ಹಲವು ಪ್ರಕಾಶಕರಾಗಿ ಅದೇ ಐಪಿಆರ್‌ಎಸ್‌ನ ಸದಸ್ಯರು. ಆಡಳಿತ ಮಂಡಳಿಯಲ್ಲಿ ಸಾಹಿತಿ-ಸಂಯೋಜಕರೂ ಇತರ ಹಕ್ಕುದಾರರೂ ಸಮಸಂಖ್ಯೆಯಲ್ಲಿ ಇರಬೇಕು ಎಂದು ಕಾನೂನೇ ಹೇಳುತ್ತದೆ. ಉಳಿದರ್ಧ ಭಯ ಸುಳ್ಳೆಂದು ನಾನು ಹೇಳಲಾರೆ. ಸಣ್ಣ ನಿರ್ಮಾಪಕರು ಕೆಲವರು "ಅದೆಲ್ಲ ಮೆಂಬರ್ ಆದವರು ನಮಗೆ ಬೇಡ" ಅನ್ನುವುದುಂಟು. ಸಾಮಾನ್ಯವಾಗಿ ಅವರಿಗೆ ಇದು ತಮ್ಮ ಜೇಬಿನಿಂದ ಹೋಗುವ ದುಡ್ಡು ಅನ್ನುವ ತಪ್ಪು ಕಲ್ಪನೆ ಇರುತ್ತದೆ. ಕೂತು ವಿವರಿಸಿದರೆ ಬಹಳ ಜನ ಸರಿಹೋಗುತ್ತಾರೆ. ವಿವರಿಸಿದ ಮೇಲೂ ಬೇಡ ಅಂದವರ ಹತ್ತಿರ ಬರೆಯಬೇಕೋ ಬೇಡವೋ ನಿಮಗೆ ಬಿಟ್ಟದ್ದು. ನನ್ನನ್ನು ಕೇಳಿದರೆ, ಹೊಸಬರಾಗಿದ್ದರೂ ಈ ವಿಷಯದಲ್ಲಿ ತಲೆಬಾಗಬೇಡಿ. ಇವತ್ತು ನೀವು ಒಪ್ಪಿದ್ದನ್ನೇ ನಾಳೆ ಇನ್ನೊಬ್ಬ ಹುಡುಗನಿಗೆ ಮಾದರಿ ಅಂತ ತೋರಿಸುತ್ತಾರೆ.

ಸೇರಿದರೆ ನೀವು ಕೊಡುವುದೇನು ಅನ್ನುವುದನ್ನೂ ತಿಳಿದುಕೊಳ್ಳಿ. ಬಹಳ ಜನ ಇದನ್ನು ಓದದೆ ಸಹಿ ಮಾಡುತ್ತಾರೆ. ಐಪಿಆರ್‌ಎಸ್ ಬರೀ ಅರ್ಜಿ ತೆಗೆದುಕೊಳ್ಳುವುದಿಲ್ಲ, ಹಕ್ಕು ವರ್ಗಾವಣೆಯ ಪತ್ರವನ್ನೂ ಬರೆಸಿಕೊಳ್ಳುತ್ತದೆ. ಸಾರ್ವಜನಿಕವಾಗಿ ಹಾಡುವ, ಪ್ರಸಾರ ಮಾಡುವ ಹಕ್ಕು ಮತ್ತು ಪ್ರತಿ ಮಾಡುವ ಹಕ್ಕು ಆ ಪತ್ರದಿಂದ ಸಂಘದ ಕೈಗೆ ಹೋಗುತ್ತವೆ. ಇಂದು ಬರೆದವು ಮಾತ್ರವಲ್ಲ, ಮುಂದೆ ಬರೆಯುವವೂ ಅದರಲ್ಲಿ ಬರುತ್ತವೆ. ಆಮೇಲೆ ಯಾರೋ ಪರಿಚಯದವರು ಬಂದು "ನಿಮ್ಮ ಹಾಡನ್ನು ನಮ್ಮ ಹೋಟೆಲಿನಲ್ಲಿ ಹಾಕಿಕೊಳ್ತೀವಿ, ಸುಮ್ನೆ ಒಂದು ಪತ್ರ ಕೊಡಿ" ಎಂದರೆ ಕೊಡುವುದಕ್ಕೆ ಆಗಲಿಕ್ಕಿಲ್ಲ. ನಿಮ್ಮದೇ ಹಾಡನ್ನು ನೀವೇ ಟಿಕೆಟ್ ಇಟ್ಟ ಕಾರ್ಯಕ್ರಮದಲ್ಲಿ ಹಾಡಿದರೂ ಸಂಘಟಕರು ಪರವಾನಗಿ ತೆಗೆದುಕೊಳ್ಳಬೇಕಾಗುತ್ತದೆ. ಇದು ಅನ್ಯಾಯ ಅಂತ ಕಾಣಬಹುದು. ಆದರೆ ಅಂದು ಹಾಡಿದ ಹಾಡುಗಳ ಪಟ್ಟಿಯನ್ನು ಸಂಘಟಕರು ಕಳಿಸಿದರೆ, ಆ ದುಡ್ಡಿನಲ್ಲಿ ನಿಮ್ಮ ಪಾಲು ನಿಮಗೇ ವಾಪಸ್ ಬರುತ್ತದೆ. ಪಟ್ಟಿ ಹೋಗದಿದ್ದರೆ ನಿಮ್ಮ ಹಾಡು ಹಾಡಿದ್ದಕ್ಕೆ ಲೆಕ್ಕವೇ ಇರುವುದಿಲ್ಲ. ಆದ್ದರಿಂದ ಕಾರ್ಯಕ್ರಮ ಮುಗಿಸಿ ಹೊರಡುವ ಮುಂಚೆ ಪಟ್ಟಿ ಬರೆದು ಸಂಘಟಕರ ಕೈಗೆ ಕೊಡುವುದನ್ನು ರೂಢಿ ಮಾಡಿಕೊಳ್ಳಿ.

ಎಲ್ಲಾ ಕಡೆಯೂ ಪರವಾನಗಿ ಬೇಕೆಂದಿಲ್ಲ. ಧಾರ್ಮಿಕ ಆಚರಣೆ, ಮದುವೆ ಮೆರವಣಿಗೆ ಮತ್ತು ಮದುವೆಗೆ ಸೇರಿದ ಸಂಭ್ರಮ, ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ನಡೆಸುವ ಅಧಿಕೃತ ಸಮಾರಂಭ, ಇವಕ್ಕೆ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ವಿನಾಯಿತಿ ಇದೆ. ನಗರಸಭೆಯ ರಾಜ್ಯೋತ್ಸವ ಸಮಾರಂಭದಲ್ಲಿ ನಿಮ್ಮ ಹಾಡು ಮೊಳಗಿದ್ದಕ್ಕೆ ರಾಯಲ್ಟಿ ಬರಲಿಲ್ಲ ಎಂದು ಬೇಸರಪಡಬೇಡಿ.

ಸೇರಿದ ಮೇಲೆ ಹೊರಬರಲು ಆಗುವುದೇ ಇಲ್ಲ ಅನ್ನುವುದು ತಪ್ಪು. ಅಧಿಕಾರ ಹಿಂಪಡೆಯುವ ಹಕ್ಕನ್ನು ಕಾಯ್ದೆ ಕೊಟ್ಟಿದೆ. ಅಷ್ಟರೊಳಗೆ ಸಂಘ ಬೇರೆಯವರ ಜೊತೆ ಮಾಡಿಕೊಂಡ ಒಪ್ಪಂದಗಳು ಮಾತ್ರ ಉಳಿಯುತ್ತವೆ.

ನಿಮ್ಮ ಸ್ವಂತ ಖರ್ಚಿನ ಹಾಡುಗಳ ಕತೆ ಬೇರೆ, ಇಲ್ಲಿ ನಿಮಗೆ ಹೆಚ್ಚಿನ ಹಕ್ಕಿದೆ. ದುಡ್ಡು ಹಾಕಿದವರು ನೀವು ಮತ್ತು ಗೆಳೆಯರು. ಹಾಗಾಗಿ ರೆಕಾರ್ಡಿಂಗಿನ ಮಾಲೀಕರೂ ನೀವೇ, ಸಾಹಿತ್ಯ-ಸಂಗೀತವನ್ನು ಯಾವ ಕಂಪನಿಗೂ ಬರೆದುಕೊಟ್ಟಿಲ್ಲದಿದ್ದರೆ ಪ್ರಕಾಶಕರ ಅರ್ಧವೂ ಬೇರೆಯವರಿಗೆ ಹೋಗಬೇಕಿಲ್ಲ. ಸ್ಪಾಟಿಫೈಗೆ ಹಾಡು ಹಾಕಿಕೊಟ್ಟ ವಿತರಕ ಆ್ಯಪ್ ತಿಂಗಳಿಗಿಷ್ಟು ಅಂತ ಕಳಿಸುತ್ತದಲ್ಲ, ಅದು ರೆಕಾರ್ಡಿಂಗಿನ ದುಡ್ಡು. ಯೂಟ್ಯೂಬ್ ಚಾನೆಲ್ಲಿನ ಜಾಹೀರಾತಿನ ಪಾಲೂ ಅದೇ ಬಗೆಯದು. ಸಾಹಿತ್ಯ-ಸಂಗೀತದ ಪಾಲು ಬೇರೆ ದಾರಿಯಲ್ಲಿ, ಸಂಘದ ಮೂಲಕ ಬರುವಂಥದ್ದು. "ವಿತರಕರಿಂದ ಬರ್ತಿದೆಯಲ್ಲ, ಇನ್ನೇನು" ಅಂತ ಬಿಟ್ಟವರು ಅರ್ಧ ಹೊಲ ಮಾತ್ರ ಕೊಯ್ದು ಮನೆಗೆ ಹೋದ ಹಾಗೆ. ವಿತರಕರ ನಿಯಮಗಳಲ್ಲಿ ಒಂದನ್ನು ಮಾತ್ರ ನೋಡಿಕೊಳ್ಳಿ: ಪ್ರಕಾಶನದ ಹಕ್ಕನ್ನೂ ಅವರೇ ನಿರ್ವಹಿಸುತ್ತಾರೆ ಎಂಬ ಹೆಚ್ಚುವರಿ ಸೇವೆಗೆ ಟಿಕ್ ಮಾಡಿದ್ದೀರಾ? ಮಾಡಿದ್ದರೆ ಐಪಿಆರ್‌ಎಸ್ ಸೇರುವ ಮುಂಚೆ ಅದನ್ನು ಬಿಡಿಸಿಕೊಳ್ಳಿ. ಒಂದೇ ಹಕ್ಕನ್ನು ಇಬ್ಬರು ಕೇಳಿದರೆ ಜಗಳ ಬಗೆಹರಿಯುವ ತನಕ ದುಡ್ಡು ಇಬ್ಬರಿಗೂ ನಿಲ್ಲುತ್ತದೆ.

ರೆಕಾರ್ಡಿಂಗಿನ ಮಾಲೀಕರಾಗಿ ಪಿಪಿಎಲ್ ಅಥವಾ ಆರ್‌ಎಂಪಿಎಲ್ ಸೇರಬಹುದೇ ಎಂದರೆ, ಸೇರಬಹುದು. ಆದರೆ ಆತುರ ಬೇಡ. ಪಿಪಿಎಲ್ 1941ರಷ್ಟು ಹಳೆಯದು. ಈಗ ಅದು ನೋಂದಾಯಿತ ಸಂಘವಾಗಿ ಅಲ್ಲ, ಹಕ್ಕುಗಳನ್ನು ವಹಿಸಿಕೊಂಡ ಕಂಪನಿಯಾಗಿ ಪರವಾನಗಿ ಕೊಡುತ್ತಿದೆ. ಹಾಗೆ ಕೊಡಬಹುದೇ ಎಂಬುದು ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ನಿಮ್ಮ ಹಾಡುಗಳು ಮಾಲು, ಹೋಟೆಲುಗಳಲ್ಲಿ ಧಾರಾಳವಾಗಿ ಕೇಳಿಬರುವ ದಿನ ಆ ಯೋಚನೆ ಮಾಡಿ.

ಜಾನಪದ ಶೈಲಿ ಅಂದಿರಲ್ಲ, ಅಲ್ಲಿ ಒಂದು ಎಚ್ಚರ. ಪಲ್ಲವಿ ಹಳೆಯ ಜನಪದ ಸಾಲಾಗಿದ್ದು, ಚರಣ ಮಾತ್ರ ನೀವು ಬರೆದಿದ್ದರೆ ಇಡೀ ಸಾಹಿತ್ಯ ನನ್ನದು ಎಂದು ನೋಂದಾಯಿಸಬೇಡಿ. ಹೊಸದಾಗಿ ಸೇರಿಸಿದ್ದಕ್ಕಷ್ಟೆ ನಿಮ್ಮ ಹಕ್ಕು. ವಚನ, ದಾಸರ ಪದಗಳೂ ಯಾರ ಆಸ್ತಿಯೂ ಅಲ್ಲ. ಆದರೆ ಹಳೆಯ ಕವಿಗಳ ಸಾಲೆಲ್ಲ ಹಾಗೇ ಅಂದುಕೊಳ್ಳಬೇಡಿ. ಕೃತಿಸ್ವಾಮ್ಯ ಕವಿ ತೀರಿಕೊಂಡ ನಂತರದ ವರ್ಷದಿಂದ 60 ವರ್ಷ ಇರುತ್ತದೆ. ನಿಮ್ಮೂರಿನ ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಅವರ ಕವಿತೆಗಳ ಮೇಲಿನ ಹಕ್ಕು 2041ರ ಕೊನೆಯವರೆಗೂ ಇದೆ. ಒಂದು ಸಾಲು ಎತ್ತಿಕೊಂಡಿದ್ದರೂ ಒಪ್ಪಿಗೆ ಬೇಕು.

ಈಗ ನೋಂದಣಿ. ಸದಸ್ಯರಾಗಲು ಬೇಕಾದದ್ದು ಬಿಡುಗಡೆಯಾದ ಹಾಡು, ಪ್ಯಾನ್, ವಿಳಾಸದ ದಾಖಲೆ, ಬ್ಯಾಂಕ್ ವಿವರ. ಅದು ಕಷ್ಟದ ಕೆಲಸವಲ್ಲ. ಆಮೇಲೆ ಒಂದೊಂದು ಹಾಡನ್ನೂ ಪ್ರತ್ಯೇಕವಾಗಿ ದಾಖಲಿಸಬೇಕು. ಎಡವುವುದು ಇಲ್ಲೇ. ಕನ್ನಡ ಹಾಡಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಒಬ್ಬರು ಒಂದು 'ಎ' ಹಾಕುತ್ತಾರೆ, ಇನ್ನೊಬ್ಬರು ಎರಡು. 'ವ'ಕಾರಕ್ಕೆ ಒಬ್ಬರದ್ದು 'ವಿ', ಇನ್ನೊಬ್ಬರದ್ದು 'ಡಬ್ಲ್ಯೂ'. ಲಿರಿಕಲ್ ವಿಡಿಯೋದಲ್ಲಿ ಹಾಡಿನ ಹೆಸರು ಪಲ್ಲವಿಯ ಮೊದಲೆರಡು ಪದ, ಆ್ಯಪಿನಲ್ಲಿ ಸಿನಿಮಾದ ಹೆಸರಿನ ಟೈಟಲ್ ಟ್ರ್ಯಾಕ್, ರೇಡಿಯೋದ ಪಟ್ಟಿಯಲ್ಲಿ ಮತ್ತೊಂದು. ನಿಮ್ಮ ಹೆಸರೂ ಹಾಗೇ: ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ಊರಿನ ಹೆಸರು ಸೇರಿದೆ, ಮತ್ತೊಂದು ಕಡೆ ಕಾವ್ಯನಾಮ ಮಾತ್ರ. ಕಂಪ್ಯೂಟರಿಗೆ ಇವೆಲ್ಲ ಬೇರೆ ಬೇರೆ ಮನುಷ್ಯರು, ಬೇರೆ ಬೇರೆ ಹಾಡುಗಳು. ಆದ್ದರಿಂದ ಹಾಡು ದಾಖಲಿಸುವಾಗ ಬಳಕೆಯಲ್ಲಿರುವ ಎಲ್ಲಾ ಹೆಸರುಗಳನ್ನೂ ಪರ್ಯಾಯ ಶೀರ್ಷಿಕೆಗಳಾಗಿ ಕೊಡಿ. ಕಾವ್ಯನಾಮವನ್ನೂ ಸೇರಿಸಿ. ರೆಕಾರ್ಡಿಂಗಿಗೆ ಐಎಸ್‌ಆರ್‌ಸಿ ಅನ್ನುವ ಸಂಖ್ಯೆ ಇರುತ್ತದೆ. ನಿಮ್ಮ ಸ್ವಂತ ಹಾಡುಗಳದ್ದು ವಿತರಕರ ಆ್ಯಪಿನಲ್ಲೇ ಸಿಗುತ್ತದೆ, ಅದನ್ನೂ ಬರೆಯಿರಿ.

ಜೊತೆಗಾರರ ಪಾಲು ಎಷ್ಟೆಷ್ಟು ಅನ್ನುವುದನ್ನು ಈಗಲೇ, ಸ್ನೇಹ ಚೆನ್ನಾಗಿರುವಾಗಲೇ, ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಮಾಡಿ. ಹಾಡಿನ ಹೆಸರು, ಸಾಹಿತ್ಯ ಯಾರು, ರಾಗ ಯಾರು, ಶೇಕಡಾ ಎಷ್ಟು, ದಿನಾಂಕ. ಇಷ್ಟಿದ್ದರೆ ಸಾಕು. ಹಾಡು ಹಿಟ್ ಆದ ಮೇಲೆ "ಆ ಸಾಲು ನಾನೇ ಹೇಳಿದ್ದು" ಎಂದು ಶುರುವಾಗುವ ಜಗಳಗಳಲ್ಲಿ ಗೆಳೆತನ ಹೋದದ್ದನ್ನು ನೋಡಿ ನನಗೆ ನಿಜಕ್ಕೂ ನೋವಾಗಿದೆ.

ಎಷ್ಟು ಬರಬಹುದು? ನೀವು ಕೇಳಲಿಲ್ಲ, ಆದರೂ ಹೇಳಬೇಕು. ಇದು ಸಂಬಳವಲ್ಲ. ಹಾಡು ಎಲ್ಲಿ, ಎಷ್ಟು ಸಲ ಬಳಕೆಯಾಯಿತು, ಅದರ ಲೆಕ್ಕ ಸಂಘಕ್ಕೆ ಬಂತೇ ಅನ್ನುವುದರ ಮೇಲೆ ನಿಂತಿದೆ. ಮೊದಲ ಹಂಚಿಕೆಯಲ್ಲಿ ಸಣ್ಣ ಮೊತ್ತ ನೋಡಿ ನಿರಾಸೆಪಟ್ಟವರೇ ಹೆಚ್ಚು. ಸಂಘ ತನ್ನ ಖರ್ಚು ಮುರಿದುಕೊಳ್ಳುತ್ತದೆ, ತೆರಿಗೆಯೂ ಮೂಲದಲ್ಲೇ ಕಡಿತವಾಗುತ್ತದೆ. ಆದರೂ ಒಂದು ಹಾಡು ಜನರ ಬಾಯಲ್ಲಿ ನಿಂತರೆ ನಿಮ್ಮ ನಂತರವೂ 60 ವರ್ಷ ಮನೆಯವರಿಗೆ ಬರುತ್ತಿರುತ್ತದೆ. ತಡ ಮಾತ್ರ ಮಾಡಬೇಡಿ. ಹಕ್ಕುದಾರರು ಕೇಳದ ದುಡ್ಡು ಎಂದೆಂದಿಗೂ ನಿಮಗಾಗಿ ಕಾದು ಕೂರುವುದಿಲ್ಲ.

ಅಣ್ಣನ ಆಸ್ಕ್ಯಾಪ್ ಮಾತಿಗೆ ಬರುತ್ತೇನೆ. ಭಾರತೀಯರು ಅಲ್ಲಿ ಸದಸ್ಯರಾಗಬಾರದು ಅಂತೇನಿಲ್ಲ. ಆದರೆ ಇಂಥ ಸಂಘಗಳು ಒಬ್ಬರಿಗೊಬ್ಬರು ಒಪ್ಪಂದ ಮಾಡಿಕೊಂಡಿರುತ್ತವೆ. ಸಿಸಾಕ್ ಎಂಬ ಅಂತರರಾಷ್ಟ್ರೀಯ ಒಕ್ಕೂಟದಲ್ಲಿ ಐಪಿಆರ್‌ಎಸ್ ಕೂಡ ಇದೆ. ನಿಮ್ಮ ಹಾಡು ಅಮೆರಿಕದಲ್ಲಿ ಪ್ರಸಾರವಾದರೆ ಅಲ್ಲಿನ ಸಂಘ ಸಂಗ್ರಹಿಸಿ ಇಲ್ಲಿಗೆ ಕಳಿಸುತ್ತದೆ. ನಿಮ್ಮ ಕೇಳುಗರಲ್ಲಿ ಹೆಚ್ಚಿನವರು ಕರ್ನಾಟಕದಲ್ಲೇ ಇದ್ದಾರೆ. ಆಸ್ಕ್ಯಾಪ್ ಮೂಲಕ ಹೋದರೆ ಧಾರವಾಡದ ರೇಡಿಯೋದ ದುಡ್ಡು ನ್ಯೂಯಾರ್ಕ್ ಸುತ್ತಿಕೊಂಡು ಧಾರವಾಡಕ್ಕೆ ಬರಬೇಕು, ದಾರಿಯಲ್ಲಿ ಎರಡೂ ಕಡೆ ಖರ್ಚು ಮುರಿದುಕೊಂಡು. ಒಂದು ವೇಳೆ ನೀವೇ ಅಲ್ಲಿಗೆ ಹೋಗಿ ನೆಲೆಸಿದರೆ ಅಥವಾ ಅಲ್ಲಿನ ಬಳಕೆಯೇ ಜಾಸ್ತಿಯಾದರೆ, ದೇಶಗಳನ್ನು ವಿಂಗಡಿಸಿ ಬೇರೆ ಬೇರೆ ಸಂಘಗಳಿಗೆ ಕೊಡುವ ಬಗ್ಗೆ ಆಗ ಮಾತಾಡಬಹುದು. ಒಂದೇ ದೇಶದ ಹಕ್ಕನ್ನು ಎರಡು ಕಡೆ ಕೊಡುವುದು ಮಾತ್ರ ಯಾವತ್ತೂ ಬೇಡ.

ಕೊನೆಗೆ ಆ ಏಜೆಂಟ್. ಕಾಗದಪತ್ರ ಮಾಡಿಕೊಡುವ, ಹಾಡು ದಾಖಲಿಸಿಕೊಡುವ ಕೆಲಸಕ್ಕೆ ದುಡ್ಡು ತೆಗೆದುಕೊಳ್ಳುವುದು ತಪ್ಪಲ್ಲ. ಎಷ್ಟೋ ಸಾಹಿತಿಗಳಿಗೆ ಆ ಸಹಾಯ ಬೇಕೇ ಬೇಕು. ಆದರೆ ಆ ಕೆಲಸಕ್ಕೆ ಒಂದು ಸಲದ ಶುಲ್ಕ ಕೊಟ್ಟರೆ ಸಾಕು. ರಾಯಲ್ಟಿಯಲ್ಲಿ ಶೇಕಡಾ 30 ಅನ್ನುವುದು ಒಂದು ಸಲದ ಕೆಲಸಕ್ಕೆ ಪ್ರತಿ ವರ್ಷ ಕೂಲಿ ಕೊಟ್ಟ ಹಾಗಾಗುತ್ತದೆ. ಅವರು ಕಳಿಸಿದ ಪವರ್ ಆಫ್ ಅಟಾರ್ನಿಯಲ್ಲಿ ಮೂರು ಕಡೆ ನೋಡಿ. ಹಣ ಯಾರ ಬ್ಯಾಂಕ್ ಖಾತೆಗೆ ಬರುತ್ತದೆ? ಎಷ್ಟು ವರ್ಷಕ್ಕೆ? ಹಿಂಪಡೆಯುವಂತಿಲ್ಲ ಎಂದು ಬರೆದಿದೆಯೇ? ಖಾತೆ ಅವರದ್ದಾಗಿದ್ದರೆ ಅಥವಾ ಹಿಂಪಡೆಯುವಂತಿಲ್ಲ ಎಂದಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ಕಾನೂನು ಆ ರಾಯಲ್ಟಿ ಹಕ್ಕನ್ನು ನಿಮ್ಮ ವಾರಸುದಾರರಿಗೆ ಮತ್ತು ಸಂಘಕ್ಕೆ ಮಾತ್ರ ಕೊಡಲು ಬಿಟ್ಟಿದೆ. ಈ ಏಜೆಂಟ್ ಎರಡೂ ಅಲ್ಲ.